ಐದು ವರ್ಷ, 91 ಸಾವಿರ ಕಿ.ಮೀ.: ತುಮಕೂರಿನಲ್ಲಿ ಒಂದು ಟರ್ಬೊ ಸೆಡಾನ್ ಸಾಕಿದ ಲೆಕ್ಕ

ಕಳೆದ ವಾರ ಕಾರಿನ ಎರಡೂ ಕೀ, ಸರ್ವೀಸ್ ಬಿಲ್ಲುಗಳ ಫೈಲು, ಜಾಕಿ, ಸ್ಟೆಪ್ನಿ ಎಲ್ಲ ಎಣಿಸಿ ಕೊಂಡವರ ಕೈಗೆ ಒಪ್ಪಿಸಿದೆ. ಮೀಟರ್ 91,240 ತೋರಿಸುತ್ತಿತ್ತು. ಐದು ವರ್ಷ ಓಡಿಸಿದ್ದಕ್ಕಿಂತ ಮಾರಲು ಓಡಾಡಿದ ಮೂರು ತಿಂಗಳೇ ಹೆಚ್ಚು ಸುಸ್ತು ಮಾಡಿತು. ಇಂಥದೇ ಕಾರು ಕೊಳ್ಳಲು ಹೊರಟವರು, ಈಗಾಗಲೇ ಇಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿರುವವರು ಜಿಲ್ಲೆಯಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರಿಗಾಗಿ ಇದು.

ಕಂಪನಿಯ ಹೆಸರು ಬರೆಯುವುದಿಲ್ಲ. ಕೆಟ್ಟ ಭಾಗಗಳು ಈ ಜಾತಿಯ ಯಾವ ಕಾರಿನಲ್ಲೂ ಕೆಡುವಂಥವೇ. ಜಾತಿ ಯಾವುದೆಂದರೆ: ನಾಲ್ಕು ಮೀಟರ್ ದಾಟಿದ ಸೆಡಾನ್, 999 ಸಿಸಿ, ಮೂರು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಪಂಪು) ಪೆಟ್ರೋಲ್, ಆರು ಗೇರಿನ ಮ್ಯಾನುಯಲ್, 175 ಎನ್‌ಎಂ ಟಾರ್ಕ್ (ಎಳೆಯುವ ಬಲ), 195/55 ಆರ್16 ಟೈರು. ಓಡಾಟ ಹೆಚ್ಚಾಗಿ ಬಟವಾಡಿಯಿಂದ ಪೀಣ್ಯಕ್ಕೆ, ವಾರಕ್ಕೆ ಎರಡು ಮೂರು ದಿನ, ಹೋಗಿಬಂದರೆ 120 ಕಿ.ಮೀ. ಆಚೆ ಈಚೆ. ಉಳಿದದ್ದು ಊರೊಳಗೆ, ಆಗಾಗ ಶಿರಾ ಕಡೆ, ವರ್ಷಕ್ಕೆ ನಾಲ್ಕೈದು ಸಲ ದೇವರಾಯನದುರ್ಗ.

ಮೊದಲೇ ಹೇಳಿಬಿಡುತ್ತೇನೆ: ಈ ಕಾರು ಕೆಟ್ಟು ನನ್ನ ದುಡ್ಡು ತಿಂದದ್ದು ಕಡಿಮೆ. ಏನು ಕೆಟ್ಟಿದೆ ಎಂದು ತಪ್ಪಾಗಿ ತಿಳಿದಾಗಲೆಲ್ಲ ತಿನ್ನಲು ಬಾಯಿ ತೆರೆಯಿತು. ಕೆಳಗಿನ ಅರ್ಧ ಕತೆ ಅದೇ.

ಹತ್ತು ಲಕ್ಷದ ಗೆರೆ

2020ರ ನವೆಂಬರಿನಲ್ಲಿ ಬುಕ್ ಮಾಡಿ ಡಿಸೆಂಬರಿನಲ್ಲಿ ಮನೆಗೆ ತಂದದ್ದು. ಶೋರೂಮಿನಲ್ಲಿ ಎರಡು ಮಾದರಿ ಮುಂದಿಟ್ಟರು. ಒಂದು 9.99 ಲಕ್ಷ, ಇನ್ನೊಂದು 10.49 ಲಕ್ಷ. 'ಐವತ್ತು ಸಾವಿರಕ್ಕೆ ಇಷ್ಟೆಲ್ಲ ಜಾಸ್ತಿ ಬರುತ್ತೆ ಸಾರ್' ಎಂದರು. ಐವತ್ತಲ್ಲ. ಕರ್ನಾಟಕದಲ್ಲಿ ಆಗ ಲೈಫ್ ಟ್ಯಾಕ್ಸ್ ಐದರಿಂದ ಹತ್ತು ಲಕ್ಷದವರೆಗೆ ಶೇ 14, ಹತ್ತು ದಾಟಿದರೆ ಶೇ 17. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಸೇರಿಸಿದರೆ ಒಂದಕ್ಕೆ ಶೇ 15.54, ಇನ್ನೊಂದಕ್ಕೆ ಶೇ 18.87. ಮೊದಲನೆಯದಕ್ಕೆ ತೆರಿಗೆ 1.55 ಲಕ್ಷ, ಎರಡನೆಯದಕ್ಕೆ 1.98 ಲಕ್ಷ. ಐವತ್ತು ಸಾವಿರದ ಮೇಲ್ದರ್ಜೆಗೆ ನಲವತ್ತಮೂರು ಸಾವಿರ ತೆರಿಗೆ! ಹತ್ತು ಲಕ್ಷ ದಾಟಿದರೆ ಶೇ 1 ಟಿಸಿಎಸ್ (ಮಾರುವವರೇ ವಸೂಲು ಮಾಡುವ ಆದಾಯ ತೆರಿಗೆ) ಬೇರೆ. ಅದು ಆದಾಯ ತೆರಿಗೆ ರಿಟರ್ನ್‌ನಲ್ಲಿ ವಾಪಸು ಪಡೆಯಬಹುದು, ಆದರೆ ಅವತ್ತಿಗೆ ಕೈಯಿಂದ ಹೋಗುತ್ತದೆ. 9.99ರದ್ದೇ ತೆಗೆದುಕೊಂಡೆ. ರಸ್ತೆಗಿಳಿದಾಗ 11.98 ಲಕ್ಷ. ನೀವು ಕೊಳ್ಳುವಾಗ ದರ ಬದಲಾಗಿರಬಹುದು, ಗೆರೆ ಎಲ್ಲಿದೆ ಎಂದು ನೋಡಿಕೊಂಡೇ ಮಾದರಿ ಆರಿಸಿ.

ಓಡಿಸಿದಾಗ ಹೇಗೆ

1,700 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ನಿನ ಸುತ್ತು) ಕೆಳಗೆ ಇದು ಬರೀ ಒಂದು ಲೀಟರಿನ ಸಣ್ಣ ಇಂಜಿನ್. ಮೇಲಕ್ಕೆ ಹೋದರೆ ಬೇರೆಯದೇ ಕಾರು. ಇದು ಗೊತ್ತಿಲ್ಲದವರು ಬಿ.ಎಚ್. ರಸ್ತೆಯಲ್ಲಿ ಹಂಪ್ ದಾಟಿ ಎರಡನೇ ಗೇರಿನಲ್ಲೇ ಒತ್ತುತ್ತಾರೆ, ಕಾರು ಮುಲುಗುತ್ತದೆ, 'ಪಿಕಪ್ಪೇ ಇಲ್ಲ' ಎನ್ನುತ್ತಾರೆ. ಒಂದನೇ ಗೇರಿಗೆ ಇಳಿಸುವ ಅಭ್ಯಾಸ ಮಾಡಿಕೊಳ್ಳಬೇಕು. ದೇವರಾಯನದುರ್ಗದ ತಿರುವುಗಳಲ್ಲಿ ಎಸಿ ಹಾಕಿ, ನಾಲ್ಕು ಜನ ಕೂತಿದ್ದರೆ ಇದು ಇನ್ನೂ ಎದ್ದು ಕಾಣುತ್ತದೆ. ತಿರುವಿಗೆ ಮೊದಲೇ ಗೇರ್ ಇಳಿಸಿ 2,000ದ ಮೇಲೆ ಇಟ್ಟುಕೊಂಡರೆ ಆನಂದ, ತಿರುವಿನ ಮಧ್ಯೆ ಇಳಿಸಲು ಹೋದರೆ ಮುಜುಗರ.

ಶಿರಾ ರಸ್ತೆಯಲ್ಲಿ 80ರಿಂದ 100ಕ್ಕೆ ಲಾರಿ ದಾಟುವಾಗ ಐದನೇ ಗೇರ್ ಸಾಕು, ಆರರಲ್ಲಿ ಕಾಯಬೇಕು. ವೇಗದಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹೋಗುವುದು, ಬ್ರೇಕಿನ ಹಿಡಿತ, ಸ್ಟೇರಿಂಗಿನ ಭಾರ ಇವಕ್ಕೆ ಐದು ವರ್ಷವೂ ಬೇಸರ ಬರಲಿಲ್ಲ. ಬೇಸರ ಬಂದದ್ದು ಕೂರುವ ಎತ್ತರಕ್ಕೆ. ಮಂಡಿ ನೋವಿರುವ ಹಿರಿಯರು ಮನೆಯಲ್ಲಿದ್ದರೆ ಕೊಳ್ಳುವ ಮುನ್ನ ಅವರನ್ನು ಒಮ್ಮೆ ಹತ್ತಿಸಿ, ಇಳಿಸಿ ನೋಡಿ. ಹಿಂದಿನ ಸೀಟಿನ ನಡುವೆ ದಿಣ್ಣೆ ಇದೆ, ಮೂರನೆಯವರು ಹಾಸನಕ್ಕೆ ಹೋಗಿಬರುವಷ್ಟರಲ್ಲಿ ಮಾತು ಬಿಡುತ್ತಾರೆ.

ಮೈಲೇಜು ಟ್ಯಾಂಕ್ ತುಂಬಿಸಿ, ಮತ್ತೆ ತುಂಬಿಸಿ ಅಳೆದದ್ದು: ಹೆದ್ದಾರಿಯಲ್ಲಿ 90ರ ಆಸುಪಾಸಿನಲ್ಲಿ 18ರಿಂದ 19, ಊರೊಳಗೆ 11ರಿಂದ 12, ಐದು ವರ್ಷದ ಸರಾಸರಿ 15.6. ಮೀಟರ್ ಪರದೆ ಯಾವಾಗಲೂ ಒಂದು ಕಿ.ಮೀ. ಜಾಸ್ತಿಯೇ ತೋರಿಸುತ್ತದೆ. 2025ರಲ್ಲಿ ಬಂಕುಗಳಲ್ಲಿ ಶೇ 20 ಎಥನಾಲ್ ಪೆಟ್ರೋಲೇ ಸಿಗತೊಡಗಿದ ಮೇಲೆ ನನ್ನ ಹೆದ್ದಾರಿ ಲೆಕ್ಕ ಅರ್ಧದಿಂದ ಮುಕ್ಕಾಲು ಕಿ.ಮೀ. ಇಳಿಯಿತು. ಎಥನಾಲ್‌ನಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಇಳಿಯುವುದು ಸಹಜ. ಎಥನಾಲ್ ನೀರನ್ನು ಹೀರುತ್ತದೆ, ಅದಕ್ಕೇ ಕಾರನ್ನು ವಾರಗಟ್ಟಲೆ ನಿಲ್ಲಿಸಿ ಹೋಗುವವರು ಅರ್ಧ ಖಾಲಿ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ.

ಆಯಿಲ್, ಧೂಳು, ಟೈರು

ಕಂಪನಿ ಹೇಳುವುದು 15,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಆಯಿಲ್. ನಾನು ವಾರ್ಷಿಕ ಸರ್ವೀಸಿನ ನಡುವೆ ಒಂದು ಸಲ ಹೆಚ್ಚುವರಿ ಬದಲಿಸುತ್ತ ಬಂದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲು ನೇರ ಸಿಲಿಂಡರಿಗೆ ಬೀಳುತ್ತದೆ. ತರಕಾರಿ ತರಲು ಎರಡು ಕಿ.ಮೀ. ಹೋಗಿ ಆಫ್ ಮಾಡಿದರೆ ಇಂಜಿನ್ ಬಿಸಿಯಾಗುವುದಿಲ್ಲ, ಸ್ವಲ್ಪ ಪೆಟ್ರೋಲು ಆಯಿಲ್ಲಿಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ. ಅದೇ ಆಯಿಲ್ ಕೆಂಡದಂತೆ ಕಾಯುವ ಟರ್ಬೊದ ಬೇರಿಂಗನ್ನೂ ಕಾಯಬೇಕು. ಒಂದು ಹೆಚ್ಚುವರಿ ಬದಲಾವಣೆಗೆ ಫಿಲ್ಟರ್ ಸೇರಿ 4,200 ರೂಪಾಯಿ. ಸುಮಾರು 4 ಲೀಟರ್ ಹಿಡಿಯುತ್ತದೆ. ಡಬ್ಬದ ಮೇಲೆ ಬ್ರಾಂಡ್ ನೋಡುವುದಕ್ಕಿಂತ ನಿಮ್ಮ ಮ್ಯಾನುಯಲ್‌ನಲ್ಲಿ ಬರೆದ ಅಪ್ರೂವಲ್ ಸಂಖ್ಯೆ ಇದೆಯೇ ನೋಡಿ, ಸೀಲು ನಿಮ್ಮೆದುರೇ ಒಡೆಸಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಮೇಲಿನ ಗೆರೆ ದಾಟಿಸಿ ಸುರಿದರೂ ತೊಂದರೆಯೇ.

ನೆಲಮಂಗಲ–ತುಮಕೂರು ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಷ್ಟು ಕಾಲ ಅರ್ಧ ದಾರಿ ಸರ್ವೀಸ್ ರಸ್ತೆ, ತಿರುವು, ಮಣ್ಣು. ಏರ್ ಫಿಲ್ಟರ್ ಬಿಚ್ಚಿದಾಗ ಕೆಂಪು ಧೂಳು ಅರ್ಧ ಹಿಡಿಯಷ್ಟು ಉದುರಿತು. ಗಾಳಿ ಹೊಡೆಸುವುದಾದರೆ ಒಳಗಿನ ಸ್ವಚ್ಛ ಬದಿಯಿಂದ ಹೊರಕ್ಕೆ ಹೊಡೆಸಿ. ಗ್ಯಾರೇಜ್ ಹುಡುಗರು ಅವಸರದಲ್ಲಿ ಹೊರಗಿನಿಂದ ಹೊಡೆದು ಧೂಳನ್ನು ಕಾಗದದೊಳಕ್ಕೆ ತೂರಿಸುತ್ತಾರೆ.

ಇದೇ ರಸ್ತೆಯಲ್ಲಿ 14,000 ಕಿ.ಮೀ.ಗೆ ಮೊದಲ ಟೈರ್ ಹೋಯಿತು. ಮಳೆನೀರು ತುಂಬಿದ ಗುಂಡಿಗೆ ಎಡ ಮುಂಗಾಲಿ ಬಿತ್ತು. ಮನೆಗೆ ಬಂದು ನೋಡಿದರೆ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. 'ಓಡ್ಸಿ ಸಾರ್, ಏನೂ ಆಗಲ್ಲ' ಎಂಬ ಮಾತಿಗೆ ಕಿವಿಗೊಡಬೇಡಿ. ಉಬ್ಬು ಎಂದರೆ ಒಳಗಿನ ದಾರ ಹರಿದಿದೆ, ಬರೀ ರಬ್ಬರು ಗಾಳಿ ಹಿಡಿದುಕೊಂಡಿದೆ, ಹೆದ್ದಾರಿಯ ವೇಗದಲ್ಲಿ ಯಾವಾಗ ಬೇಕಾದರೂ ಒಡೆಯುತ್ತದೆ. ಪ್ಯಾಚಿಗೆ ಬಾರದು, ಹೊಸದೇ ಬೇಕು. 6,400 ರೂಪಾಯಿ. ಸ್ಟೆಪ್ನಿ ಹಾಕಿಕೊಂಡು ಓಡಾಡೋಣ ಎಂದರೆ ಅದು ಒಂದಿಂಚು ಚಿಕ್ಕ ಉಕ್ಕಿನ ರಿಮ್ಮು, ಮೇಲೆ ಗಂಟೆಗೆ 80ರ ಮಿತಿ ಎಂಬ ಚೀಟಿ. ನಿಮ್ಮ ಡಿಕ್ಕಿ ತೆರೆದು ಇವತ್ತೇ ನೋಡಿಕೊಳ್ಳಿ. 195/55ರ ತೆಳು ಪಕ್ಕೆಯ ಟೈರಿನ ಕಾರಿಗೆ 33 ಪಿಎಸ್‌ಐ ಗಾಳಿ ಕಾಯ್ದುಕೊಳ್ಳುವುದು ಶೋಕಿಯಲ್ಲ, ಗಾಳಿ ಕಡಿಮೆಯಾದಷ್ಟೂ ರಿಮ್ಮು ಪಕ್ಕೆಯನ್ನು ಬೇಗ ಕಚ್ಚುತ್ತದೆ. ನಾಲ್ಕೂ ಟೈರು ಬದಲಿಸಿದ್ದು 46,000 ಕಿ.ಮೀ.ಗೆ, 28,800 ರೂಪಾಯಿ. ತಯಾರಾದ ವಾರ, ವರ್ಷವನ್ನು ಪಕ್ಕೆಯ ನಾಲ್ಕಂಕಿಯಲ್ಲಿ ಓದಿ: 1823 ಎಂದರೆ 2023ರ 18ನೇ ವಾರ.

ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಹಂಪಿಗೆ ತಾಗಿ ಎರಡು ಸಲ ಜೋತುಬಿತ್ತು. ಎರಡೂ ಸಲ 'ಇಡೀ ಕವರ್ ಬದಲಿಸಬೇಕು' ಎಂದರು. ಹೋಗಿದ್ದದ್ದು ಕ್ಲಿಪ್ಪು, ಒಂದಕ್ಕೆ ಇಪ್ಪತ್ತೈದು ರೂಪಾಯಿ. ಹತ್ತು ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಬಿಟ್ಟೆ.

31,000ದಲ್ಲಿ ಜಲ್ಲಿ ಟಿಪ್ಪರಿನ ಹಿಂದೆ ಹೋಗುವಾಗ ಮುಂದಿನ ಗಾಜಿಗೆ ಕಲ್ಲು ಸಿಡಿದು ಸಣ್ಣ ನಕ್ಷತ್ರ ಮೂಡಿತು. ಚುಕ್ಕೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಿದ್ದು ಬಿರುಕು ಹರಿಯದಿದ್ದರೆ ರೆಸಿನ್ ತುಂಬಿಸಬಹುದು, 900 ರೂಪಾಯಿ. ಅಲ್ಲಿಯವರೆಗೆ ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿ, ವಾಷಿಂಗ್ ಮಾಡಿಸಬೇಡಿ. ನೀರು, ಧೂಳು ಒಳಗೆ ಹೋದರೆ ರೆಸಿನ್ ಹಿಡಿಯುವುದಿಲ್ಲ. ಇದಕ್ಕೆ ವಿಮೆ ಕ್ಲೇಮು ಮಾಡದಿದ್ದದ್ದು ಒಳ್ಳೆಯದಾಯಿತು. ಕ್ಲೇಮಿಲ್ಲದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ 20, 25, 35, 45, 50 ಎಂದು ಏರುತ್ತದೆ, ಒಂದು ಕ್ಲೇಮಿಗೆ ಸೊನ್ನೆಗೆ ಬೀಳುತ್ತದೆ.

ಕಟಕಟ ಸದ್ದು

48,000ದಲ್ಲಿ ಮುಂದಿನ ಎಡಗಡೆ ಕಟಕಟ ಸದ್ದು ಶುರು. ಸಣ್ಣ ಗುಂಡಿ, ನಿಧಾನ ವೇಗದಲ್ಲಿ ಜೋರು. ದೊಡ್ಡ ಹಂಪಿನಲ್ಲಿ ಎರಡೂ ಚಕ್ರ ಒಟ್ಟಿಗೆ ಏರಿದಾಗ ಸದ್ದೇ ಇಲ್ಲ. ಮೊದಲು ತೋರಿಸಿದ ಕಡೆ ಕೂತ ಜಾಗದಿಂದಲೇ, 'ಸ್ಟ್ರಟ್ ಹೋಗೈತೆ ಸಾರ್, ಎರಡೂ ಹಾಕ್ಬಿಡಾಣ' ಎಂದರು. ಸ್ಟ್ರಟ್ ಎಂದರೆ ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್. ಹದಿನಾಲ್ಕು ಸಾವಿರದ ಅಂದಾಜು. ಎರಡೂ ಚಕ್ರ ಒಟ್ಟಿಗೆ ಏರಿದಾಗ ಸುಮ್ಮನಾಗಿ, ಒಂದೇ ಚಕ್ರ ಬಿದ್ದಾಗ ಸದ್ದು ಮಾಡಿದರೆ ಮೊದಲು ಅನುಮಾನಿಸಬೇಕಾದ್ದು ಎಡಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡ್. ಎರಡು ಚಕ್ರದ ಏರಿಳಿತದಲ್ಲಿ ವ್ಯತ್ಯಾಸವಾದಾಗ ಮಾತ್ರ ಅದರ ಮೇಲೆ ಎಳೆತ ಬೀಳುವುದು. ಸ್ಟ್ರಟ್ ಹೋಗಿದ್ದರೆ ಆಯಿಲ್ ಜಿನುಗಿದ ಗುರುತಿರುತ್ತದೆ, ಹಂಪ್ ಇಳಿದ ಮೇಲೆ ಮೂತಿ ಎರಡು ಮೂರು ಸಲ ತೂಗುತ್ತದೆ. ನನ್ನದರಲ್ಲಿ ಎರಡೂ ಇರಲಿಲ್ಲ. ರ್‍ಯಾಂಪಿನ ಮೇಲೆ, ಚಕ್ರ ನೆಲದಲ್ಲಿರುವಂತೆಯೇ ಲಿಂಕ್ ರಾಡನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಸಡಿಲ ಗೊತ್ತಾಗುತ್ತಿತ್ತು. ಎರಡೂ ಬದಿ ಬದಲಿಸಿದ್ದಕ್ಕೆ ಕೂಲಿ ಸೇರಿ 2,150.

52,000 ಕಿ.ಮೀ.ಗೆ ಮುಂದಿನ ಬ್ರೇಕ್ ಪ್ಯಾಡ್, 4,300 ರೂಪಾಯಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರಿಕೊಂಡು ಬೆಟ್ಟ ಇಳಿಯುವಾಗ ಕಾದರೆ ಕುದಿಯುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ. ದೇವರಾಯನದುರ್ಗ ಇಳಿಯುವವರು ಎರಡನೇ ಗೇರಿನಲ್ಲೇ ಇಳಿಯಿರಿ.

ಮಿನುಗಿದ ದೀಪ

ಮೀಟರಿನಲ್ಲಿ 57,300. ದಾಬಸ್‌ಪೇಟೆ ದಾಟಿ ಸ್ವಲ್ಪ ದೂರ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗಲೇ ತುಸು ನಡುಕವಿತ್ತು, ಚಳಿ ಎಂದುಕೊಂಡೆ. ಹೆದ್ದಾರಿಯಲ್ಲಿ ಒತ್ತಿದಾಗ ಇಡೀ ಕಾರು ಹಳೇ ಆಟೊದ ಹಾಗೆ ಗಡಗಡ ನಡುಗಿತು, ಇಂಜಿನ್ ದೀಪ ಮಿನುಗತೊಡಗಿತು. ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ದೀಪ ಒಂದೇ ಸಮ ಉರಿದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಮಿನುಗಿದರೆ ನಿಲ್ಲಿಸಲೇಬೇಕು. ಒಂದು ಸಿಲಿಂಡರಿನಲ್ಲಿ ಬೆಂಕಿ ಹತ್ತುತ್ತಿಲ್ಲ, ಸುಡದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಸಾವಿರದ ಭಾಗಕ್ಕೆ ಬದಲಾಗಿ ಲಕ್ಷದ ಹತ್ತಿರದ ಭಾಗ ಸುಟ್ಟುಕೊಳ್ಳುತ್ತೀರಿ. ಮೂರೇ ಸಿಲಿಂಡರ್ ಇರುವುದರಿಂದ ಒಂದು ಸತ್ತರೆ ನಡುಕ ಗೊತ್ತಾಗದೇ ಇರುವುದಿಲ್ಲ.

ವಿಮೆಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಿದ್ದೆ, ಟೋಯಿಂಗ್ ಉಚಿತ, ಕಾದದ್ದು ಒಂದು ಗಂಟೆ ನಲವತ್ತು ನಿಮಿಷ. ಫೋನಿನಲ್ಲೇ 'ಫ್ಲಾಟ್‌ಬೆಡ್ ಕಳಿಸಿ' ಎಂದು ಹೇಳಬೇಕು. ಮುಂದಿನ ಚಕ್ರ ಓಡಿಸುವ ಕಾರನ್ನು ಹಿಂದಿನಿಂದ ಎತ್ತಿ ಎಳೆದರೆ ಗೇರ್‌ಬಾಕ್ಸಿಗೆ ಪೆಟ್ಟು ಬೀಳಬಹುದು.

ಇಳಿಸಿದ ಕಡೆ ಸ್ಕ್ಯಾನ್ ಮಾಡಿದರು, ಪಿ0301, ಅಂದರೆ ಒಂದನೇ ಸಿಲಿಂಡರ್ ಮಿಸ್‌ಫೈರ್. 'ಇಂಜೆಕ್ಟರ್ ಕ್ಲೀನ್ ಮಾಡ್ಬೇಕು, ವಾಲ್ವಲ್ಲಿ ಕಾರ್ಬನ್ ಇರತ್ತೆ, ಹದಿನೆಂಟು ಸಾವಿರ ಆಗತ್ತೆ' ಎಂಬ ತೀರ್ಪು ಬಂತು. ಕಾರ್ಬನ್ ಮಾತು ಪೂರ್ತಿ ಸುಳ್ಳಲ್ಲ. ಈ ಬಗೆಯ ಇಂಜಿನ್ನಿನಲ್ಲಿ ಪೆಟ್ರೋಲು ಇನ್‌ಟೇಕ್ ವಾಲ್ವನ್ನು ತೊಳೆಯುವುದಿಲ್ಲವಾದ್ದರಿಂದ ಮಸಿ ಕೂರುತ್ತದೆ. ಆದರೆ ಅದು ತಿಂಗಳುಗಟ್ಟಲೆ ನಿಧಾನವಾಗಿ ಕಾಣುವ ರೋಗ, ಒಂದೇ ಬೆಳಗ್ಗೆ ಒಂದೇ ಸಿಲಿಂಡರನ್ನು ಕೊಲ್ಲುವುದು ಅಪರೂಪ. ಹಾಗಾಗಿ ಇಪ್ಪತ್ತು ನಿಮಿಷದ ಅದಲುಬದಲು ಪರೀಕ್ಷೆ ಮಾಡಿಸಿದೆ.

ಇಂಜಿನ್ ತಣ್ಣಗಾಗಲು ಬಿಡಬೇಕು. ಮೇಲಿನ ಕವರ್ ತೆಗೆದರೆ ಪ್ಲಗ್ಗಿಗೆ ಕಿಡಿ ಕೊಡುವ ಮೂರು ಇಗ್ನಿಷನ್ ಕಾಯಿಲ್ ಸಾಲಾಗಿ ಕಾಣುತ್ತವೆ. ಕನೆಕ್ಟರಿನ ಲಾಕು ಕಾದು ಕಾದು ಬಿಸ್ಕೆಟಿನಂತಾಗಿರುತ್ತದೆ, ಸ್ಕ್ರೂಡ್ರೈವರಿನಿಂದ ಮೀಟದೆ ಬೆರಳಿನಿಂದಲೇ ಮೆಲ್ಲಗೆ ಎಳೆಯಿರಿ. ಬೋಲ್ಟ್ ಇದ್ದರೆ ಬಿಚ್ಚಿ ಕಾಯಿಲನ್ನು ತಿರುಚದೆ ನೆಟ್ಟಗೆ ಮೇಲಕ್ಕೆತ್ತಬೇಕು. ಒಂದನೆಯದನ್ನು ಎರಡರ ಜಾಗಕ್ಕೆ, ಎರಡನೆಯದನ್ನು ಒಂದರ ಜಾಗಕ್ಕೆ ಹಾಕಿ, ಕೋಡ್ ಅಳಿಸಿ, ಸ್ಟಾರ್ಟ್ ಮಾಡಿ. ಈಗ ಕೋಡ್ ಪಿ0302 ಎಂದು ಬಂದರೆ ರೋಗ ಕಾಯಿಲಿನ ಜೊತೆ ನಡೆದು ಹೋಗಿದೆ, ಕಾಯಿಲೇ ಕಳ್ಳ. ಪಿ0301 ಎಂದೇ ನಿಂತರೆ ಮುಂದೆ ಪ್ಲಗ್ಗನ್ನು ಹೀಗೇ ಬದಲಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಇಂಜೆಕ್ಟರ್, ಕಂಪ್ರೆಷನ್ ಎಂದು ಹೋಗಬೇಕು. ನನ್ನದು ಪಿ0302 ಎಂದು ಬಂತು.

ಹೊಸ ಕಾಯಿಲ್ 3,100, ಮೂರು ಪ್ಲಗ್ 2,250. ಪ್ಲಗ್ ಸವೆದು ಅಂತರ ಜಾಸ್ತಿಯಾದರೆ ಕಾಯಿಲ್ ಹೆಚ್ಚು ಒತ್ತಡದಲ್ಲಿ ದುಡಿದು ಬೇಗ ಸಾಯುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ. ಪ್ಲಗ್ ಬಿಚ್ಚುವ ಮುನ್ನ ಆ ಗುಳಿಗೆ ಗಾಳಿ ಹೊಡೆಸಿ, ಇಲ್ಲದಿದ್ದರೆ ಅಲ್ಲಿ ಕೂತ ಮರಳು ಸೀದಾ ಸಿಲಿಂಡರಿಗೆ ಬೀಳುತ್ತದೆ. ಕಾಯಿಲ್ ತುಮಕೂರಿನಲ್ಲಿ ಸಿಗಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎರಡನೇ ದಿನ ಬಂತು. ಹಳೆಯ ಕಾಯಿಲಿನ ಮೇಲಿನ ಪಾರ್ಟ್ ನಂಬರಿನ ಫೋಟೊ ಕಳಿಸಿ. ಸಾವಿರ ರೂಪಾಯಿಗೆ ಸಿಗುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ದೋಷದ ಕೋಡ್ ಓದುವ ಸಾಧನ) ಒಂದನ್ನು ಅವತ್ತೇ ಕೊಂಡೆ. ಮೊದಲೇ ಕೊಳ್ಳಬೇಕಿತ್ತು.

ಕ್ಲಚ್ಚಿನ ಹನ್ನೊಂದು ದಿನ

2021ರ ಡಿಸೆಂಬರಿನಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದರು. ಎರಡು ತಿಂಗಳ ಹತ್ತಿರ ಎಲ್ಲ ಗಾಡಿಯೂ ಕೆಳಗಿನ ರಸ್ತೆಯಲ್ಲಿ ತೆವಳಿತು. ಅರ್ಧ ಕ್ಲಚ್ಚಿನಲ್ಲಿ ಕಾರನ್ನು ಇರುವೆಯಂತೆ ನಡೆಸಿದ ಆ ದಿನಗಳ ಬಿಲ್ಲು 78,000 ಕಿ.ಮೀ. ಆದಾಗ ಬಂತು.

ಲಕ್ಷಣ: ಪೆಡಲ್ ಪೂರ್ತಿ ಮೇಲೆ ಬಂದ ಮೇಲಷ್ಟೇ ಕಾರು ಹಿಡಿಯುವುದು, ಏರಿನಲ್ಲಿ ಆರ್‌ಪಿಎಂ ಏರಿದರೂ ವೇಗ ಏರದಿರುವುದು. ಪರೀಕ್ಷೆ: ಖಾಲಿ ರಸ್ತೆಯಲ್ಲಿ 55ರ ವೇಗದಲ್ಲಿ ಐದನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಟರ್ಬೊ ಕಾರಿನಲ್ಲಿ ಪೂರ್ಣ ಟಾರ್ಕ್ 2,000ದ ಹತ್ತಿರವೇ ಬರುವುದರಿಂದ ಕ್ಲಚ್ ಜಾರುವುದಾದರೆ ಮೊದಲು ಅಲ್ಲೇ ಜಾರುತ್ತದೆ. ಆರ್‌ಪಿಎಂ ಮುಳ್ಳು ಸರಕ್ಕನೆ ಮೇಲೆ ಹಾರಿ, ಕಾರು ಇದ್ದಲ್ಲೇ ಇದ್ದರೆ ಕ್ಲಚ್ ಮುಗಿಯಿತು. ಎರಡು ಮೂರು ಸಲಕ್ಕಿಂತ ಜಾಸ್ತಿ ಮಾಡಬೇಡಿ, ಸುಟ್ಟ ವಾಸನೆ ಬರುತ್ತದೆ.

ಪ್ಲೇಟ್ ಮಾತ್ರ ಹಾಕಿ ಎಂಟು ಸಾವಿರಕ್ಕೆ ಮುಗಿಸುವ ಮಾತೂ ಬಂತು. ಗೇರ್‌ಬಾಕ್ಸ್ ಇಳಿಸಿ ಏರಿಸುವುದು ಇಡೀ ದಿನದ ಕೆಲಸ, ಏನು ಬದಲಿಸಿದರೂ ಆ ಕೂಲಿ ಒಂದೇ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿದೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಜಿನುಗುತ್ತಿದೆಯೇ, ಫ್ಲೈವೀಲಿನ ಮುಖದಲ್ಲಿ ಕಾದ ನೀಲಿ ಕಲೆ, ಬಿರುಕು ಇದೆಯೇ ನೋಡುವುದೂ ಆಗಲೇ. ಜೋಡಿಸುವ ಮೊದಲು ಫೋಟೊ ಕಳಿಸಲು ಹೇಳಿ.

ಎಲ್ಲ ಸೇರಿ 24,600. ಆದರೆ ಹನ್ನೊಂದು ದಿನ ಹಿಡಿದದ್ದು ಬೇರೆ ಕಾರಣಕ್ಕೆ. ಐದನೇ ದಿನ ಬಂದ ಸೆಟ್ಟು ಇದೇ ಕಾರಿನ ಬೇರೆ ಇಂಜಿನ್ನಿನದು. ನೋಡಲು ಒಂದೇ ಅಳತೆ, ನಡುವಿನ ಹಲ್ಲುಗಳ ಎಣಿಕೆ ಬೇರೆ. ಅದೃಷ್ಟಕ್ಕೆ ಮೆಕ್ಯಾನಿಕ್ ಗೇರ್‌ಬಾಕ್ಸಿನ ಶಾಫ್ಟಿಗೆ ಪ್ಲೇಟನ್ನು ಕೈಯಲ್ಲೇ ತೂರಿಸಿ ನೋಡಿದ, 'ಇದು ನಮ್ದಲ್ಲ ಸಾರ್' ಎಂದ. ಮತ್ತೆ ಆರು ದಿನ. ತಪ್ಪು ನನ್ನದೇ, 'ಇಂಥ ಮಾದರಿ, 2020' ಎಂದಷ್ಟೇ ಹೇಳಿದ್ದೆ. ಪಾರ್ಟ್ ತರಿಸುವಾಗ 17 ಅಕ್ಷರದ ಚಾಸಿ ನಂಬರ್ ಕೊಡಿ. ಗೇರ್‌ಬಾಕ್ಸ್ ಇಳಿಸುವುದಿದ್ದರೆ ಪಾರ್ಟ್ ಕೈಗೆ ಬಂದ ಮೇಲೆ ಇಳಿಸಿ, ಅಲ್ಲಿಯವರೆಗೆ ಕಾರು ಹೇಗೋ ಓಡಿಕೊಂಡಿರಲಿ. ಹೊಸ ಕ್ಲಚ್ ಹಾಕಿದ ಮೊದಲ ಐನೂರು ಕಿ.ಮೀ. ಜೋರಾಗಿ ಎಳೆಯಬೇಡಿ.

ಇದರ ನಡುವೆ ನಾಲ್ಕನೇ ವರ್ಷ ಬ್ಯಾಟರಿ, 6,400.

ಮಾರಾಟದ ಮೂರು ತಿಂಗಳು

ಮೊದಲು ಲೆಕ್ಕ. ಪೆಟ್ರೋಲು 5.8 ಲಕ್ಷ. ಐದು ವಾರ್ಷಿಕ ಸರ್ವೀಸು, ನಡುವಿನ ಆಯಿಲ್ ಎಲ್ಲ ಸೇರಿ 68,500. ಮೇಲೆ ಹೇಳಿದ ರಿಪೇರಿ, ಟೈರು, ಬ್ಯಾಟರಿ 78,900. ಮೊದಲ ವರ್ಷದ ನಂತರದ ವಿಮೆ 58,000. ಅಂದರೆ ಸರ್ವೀಸ್, ರಿಪೇರಿಗೆ ಕಿ.ಮೀ.ಗೆ 1.62 ರೂಪಾಯಿ, ಪೆಟ್ರೋಲಿಗೆ 6.36. ಕಾರು ಮಾರಿದ್ದು 5.6 ಲಕ್ಷಕ್ಕೆ. ಬೆಲೆ ಇಳಿದದ್ದೇ ಕಿ.ಮೀ.ಗೆ ಏಳು ರೂಪಾಯಿ, ಪೆಟ್ರೋಲಿಗಿಂತ ಜಾಸ್ತಿ! ಮೈಲೇಜಿನ ಚರ್ಚೆಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ.

ಸಾಲ 2024ರ ಸೆಪ್ಟೆಂಬರಿನಲ್ಲೇ ತೀರಿತ್ತು. ಬ್ಯಾಂಕಿನವರು ಎನ್‌ಒಸಿ (ಸಾಲ ಬಾಕಿಯಿಲ್ಲ ಎಂಬ ಪತ್ರ), ಸಹಿ ಸೀಲು ಹಾಕಿದ ಫಾರಂ 35 (ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಅರ್ಜಿ) ಎರಡು ಪ್ರತಿ ಕೊಟ್ಟಿದ್ದರು. ನಾನು ಬೀರುವಿನಲ್ಲಿ ಇಟ್ಟು ಮರೆತೆ. ಸಾಲ ತೀರಿತು ಎಂದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತಾನಾಗಿ ಹೋಗುವುದಿಲ್ಲ, ಅರ್ಜಿ ಹಾಕಿ ತೆಗೆಸಬೇಕು. ಒಂದು ವರ್ಷದ ಮೇಲೆ ತೆಗೆದು ನೋಡಿದರೆ ಎನ್‌ಒಸಿಯ ಕೊನೆಯ ಸಾಲಿನಲ್ಲಿ '90 ದಿನ ಮಾತ್ರ' ಎಂದಿತ್ತು. ಹೊಸದಕ್ಕೆ ಅರ್ಜಿ, ಜಿಎಸ್‌ಟಿ ಸೇರಿ 590 ರೂಪಾಯಿ, 21 ದಿನ. ಈ ಅವಧಿಯಲ್ಲಿ ಕೊಳ್ಳಲು ಒಪ್ಪಿದ್ದ ಮೊದಲ ಗಿರಾಕಿ ಕೈಬಿಟ್ಟು ಹೋದರು. ಹೊಟ್ಟೆ ಉರಿದದ್ದು ನಿಜ.

ಎರಡನೇ ಅಡ್ಡಿ ಹೆಸರಿನದು. ಸರ್ಕಾರದ ಪರಿವಾಹನ್ ತಾಣದಲ್ಲಿ ಆಧಾರ್ ಓಟಿಪಿ ಮೂಲಕ ಮನೆಯಲ್ಲೇ ಬ್ಯಾಂಕಿನ ಹೆಸರು ತೆಗೆಸುವ ಅರ್ಜಿ ಮುಗಿಸಬಹುದು, ಆದರೆ ಆರ್‌ಸಿಯ ಹೆಸರೂ ಆಧಾರಿನ ಹೆಸರೂ ಒಂದೇ ಇರಬೇಕು. ನಮ್ಮ ಕಡೆ ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ತಂದೆಯ ಹೆಸರು ಪೂರ್ತಿ ಹಿಂದೆ. ಹೊಂದಲಿಲ್ಲ. ಕಾಗದಗಳ ಸಮೇತ ಆರ್‌ಟಿಒ ಕಚೇರಿಗೆ ಹೋಗಿ ಸಲ್ಲಿಸಿದೆ, ಬ್ಯಾಂಕಿನ ಹೆಸರಿಲ್ಲದ ಹೊಸ ಕಾರ್ಡ್ ಹನ್ನೆರಡನೇ ದಿನ ಅಂಚೆಯಲ್ಲಿ ಬಂತು. ವಿಮೆ ಪಾಲಿಸಿಯಲ್ಲೂ ಬ್ಯಾಂಕಿನ ಹೆಸರು ಇರುತ್ತದೆ, ಅದನ್ನೂ ಬರೆದು ತೆಗೆಸಬೇಕು.

ಮಾರುವ ದಿನದ ಕಾಗದ: ಫಾರಂ 29 (ಮಾರಿದ ಬಗ್ಗೆ ತಿಳಿವಳಿಕೆ) ಎರಡು ಪ್ರತಿ, ಫಾರಂ 30 (ಹೆಸರು ವರ್ಗಾವಣೆಯ ಅರ್ಜಿ), ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಎಮಿಷನ್ ಸರ್ಟಿಫಿಕೇಟ್, ಇಬ್ಬರ ಗುರುತು ಮತ್ತು ವಿಳಾಸದ ದಾಖಲೆ, ಫೋಟೊ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ಬಾಕಿ ಇ-ಚಲನ್ ಮೊದಲೇ ಕಟ್ಟಿಬಿಡಿ. ಖಾಲಿ ಫಾರಮ್ಮಿಗೆ ಸಹಿ ಹಾಕಿ 'ಆಮೇಲೆ ಮಾಡಿಸ್ಕೊಳ್ಳಿ' ಎಂದು ಕೊಡುವ ರೂಢಿ ನಮ್ಮಲ್ಲಿ ಬಹಳ. ಹೆಸರು ವರ್ಗಾವಣೆ ಆಗುವವರೆಗೆ ಅಪಘಾತದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಾನು ಅರ್ಜಿ ಸಲ್ಲಿಸಿ ರಸೀದಿ ಬಂದ ಮೇಲೆ ಕೀ ಕೊಟ್ಟೆ. ತಾರೀಖಿನ ಜೊತೆ ಗಂಟೆ, ನಿಮಿಷವನ್ನೂ ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಮಾಡಿದೆವು.

ವಿಮೆ ಕಾರಿನ ಜೊತೆ ಹೋಗುತ್ತದೆ, ನೋ ಕ್ಲೇಮ್ ಬೋನಸ್ ನಿಮ್ಮ ಜೊತೆ ಉಳಿಯುತ್ತದೆ. ವಿಮೆ ಕಂಪನಿಯಿಂದ ಅದರ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿಗೆ ಬಳಸಬಹುದು.

ಎಲ್ಲ ಮುಗಿಯಿತು ಎಂದುಕೊಂಡು ಮನೆಯಲ್ಲಿ ಕೂತಿದ್ದಾಗ, ಕಾರು ಕೊಟ್ಟ ಮೂರನೇ ದಿನ ಬೆಳಗ್ಗೆ 7.10ಕ್ಕೆ ಫೋನಿಗೆ ಸಂದೇಶ ಬಂತು: ಕ್ಯಾತ್ಸಂದ್ರ ಟೋಲಿನಲ್ಲಿ ನನ್ನ ಖಾತೆಯಿಂದ ಹಣ ಕಡಿತ. ಫಾಸ್ಟ್ಯಾಗ್ ಮುಚ್ಚಿಸಿರಲಿಲ್ಲ. ಒಂದು ಗಾಡಿಗೆ ಒಂದೇ ಟ್ಯಾಗ್ ಆದ್ದರಿಂದ ಹಳೆಯದು ಮುಚ್ಚುವವರೆಗೆ ಕಾರು ಕೊಂಡವರಿಗೆ ಹೊಸದು ಸಿಗುವುದೂ ಇಲ್ಲ. ಅವರು ಹಣ ಫೋನ್‌ಪೇ ಮಾಡಿ, 'ಅಣ್ಣಾ, ಸೆಕೆಂಡ್ ಗೇರಲ್ಲಿ ಹಂಪ್ ಹತ್ತಲ್ಲ ಅಂತೈತೆ, ಏನಾದ್ರೂ ಪ್ರಾಬ್ಲಮ್ಮಾ?' ಎಂದು ಕೇಳಿದರು. ಒಂದನೇ ಗೇರಿಗೆ ಇಳಿಸಿ ಎಂದೆ.